ತಂತ್ರಾಂಶ ನವೀಕರಣ: ಸೇವೆ ಕೆಲಕಾಲ ಸ್ಥಗಿತಗೊಳ್ಳುವುದೇಕೆ?

ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳಲ್ಲಿ ಎರಡು ಭಾಗಗಳಿವೆ: ಪರದೆಯ ಮೇಲೆ ಕಾಣುವ ಅನ್ವಯಿಕ ಭಾಗ ಮತ್ತು ಅದರ ಹಿಂದೆ ವಹಿಯಂತಿರುವ ದತ್ತಸಂಚಯ. ನೀರಿನ ಕರದ ನಮೂನೆಗೆ ಹೊಸ ಅಂಕಣ ಸೇರಿಸಿ, ದತ್ತಸಂಚಯದಲ್ಲಿ ಅದಕ್ಕೆ ಸ್ಥಳ ಕಲ್ಪಿಸದಿದ್ದರೆ, ಹಣ ಪಾವತಿಸಿದವರೂ ದಾಖಲೆಯಲ್ಲಿ ಬಾಕಿದಾರರಾಗಿಯೇ ಉಳಿಯುವ ಸಂಭವವಿದೆ. ಗ್ರಾಮಸಭೆಯಲ್ಲಿ ಇದಕ್ಕೆ ಉತ್ತರಿಸಬೇಕಾಗುವುದು ತಂತ್ರಜ್ಞರಲ್ಲ, ಸದಸ್ಯರು. ಆದಕಾರಣ ಎರಡೂ ಬದಲಾವಣೆಗಳನ್ನು ಒಂದೇ ವ್ಯವಸ್ಥೆಯ ಮೂಲಕ, ಒಂದೇ ಆವೃತ್ತಿ ಸಂಖ್ಯೆಯಡಿ ಒಟ್ಟಿಗೆ ಅಳವಡಿಸುವುದು ಸುರಕ್ಷಿತ ಕ್ರಮ. ಮೊದಲು ದತ್ತಾಂಶದ ಪ್ರತಿಯನ್ನು ತೆಗೆದಿರಿಸಬೇಕು. ಒಂದು ಭಾಗ ವಿಫಲವಾದರೂ ಎರಡನ್ನೂ ಹಿಂದಿನ ಸ್ಥಿತಿಗೆ ಮರಳಿಸಬೇಕು. ಈ ನಡುವೆ ಹೊಸ ನಮೂದು ಸೇರದಿರಲೆಂದೇ ಲಾಗಿನ್ ಸ್ಥಗಿತಗೊಳಿಸಲಾಗುತ್ತದೆ. ಸೇವೆ ಪುನರಾರಂಭವಾದಾಗ, ಬೇಡಿಕೆ-ವಸೂಲಿ-ಬಾಕಿ ತಃಖ್ತೆಯ ಹಿಂದಿನ ಮತ್ತು ಈಗಿನ ಮೊತ್ತಗಳು ತಾಳೆಯಾಗುತ್ತವೆಯೇ ಎಂದು ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ವಿಚಾರಿಸಬಹುದು.