ಬೆವರು ತಂದ ಮುಪ್ಪು, ಒಲೆ ತಂದ ಮುಪ್ಪು

ಹೊಸ ಕೈಗಡಿಯಾರವನ್ನು ಹಳೆಯದಾಗಿ ಕಾಣಿಸುವುದು ಈಗ ಒಂದು ಕಸುಬಾಗಿದೆ. ಹೊಳೆಯುವ ಕೇಸನ್ನು ಮಂಕು ಮಾಡುತ್ತಾರೆ, ಬಿಳಿಯ ಡಯಲ್ಲಿಗೆ ಚಹಾದ ಬಣ್ಣ ಬರಿಸುತ್ತಾರೆ, ಕತ್ತಲಲ್ಲಿ ಬೆಳಗುವ ಮುಳ್ಳುಗಳಿಗೆ ಕಂದು ಛಾಯೆ ಕೊಡುತ್ತಾರೆ. ಕೆಲವರು ಇದನ್ನು ತಮ್ಮ ಖುಷಿಗೆ ಮಾಡಿಕೊಳ್ಳುತ್ತಾರೆ, ಕೆಲವರು ಅಜ್ಜನ ಕಾಲದ್ದೆಂದು ಹೇಳಿ ಮಾರುತ್ತಾರೆ. ಇಬ್ಬರೂ ನಂಬಿಕೊಂಡಿರುವುದು ಒಂದೇ ರಸಾಯನಶಾಸ್ತ್ರವನ್ನು. ಅದು ತಿಳಿದರೆ ನಿಜವಾಗಿ ಹಳತಾದದ್ದು ಯಾವುದು, ಹಳತು ಮಾಡಿದ್ದು ಯಾವುದು ಎಂಬುದು ಬಹುಮಟ್ಟಿಗೆ ಕಣ್ಣಿಗೇ ಗೊತ್ತಾಗುತ್ತದೆ.

ಬೆಳಗಾವಿ ಜಿಲ್ಲೆಯ ಕುಡಚಿ, ರಾಯಬಾಗ, ಅಥಣಿಯ ಮನೆಗಳಲ್ಲಿ ಹಳೆಯ ವಾಚು ಎಂದರೆ ಸಾಮಾನ್ಯವಾಗಿ ಚಾವಿ ಕೊಡುವ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಈ ತಯಾರಿಕೆ ಮುಂದೆ ತುಮಕೂರಿಗೂ ಹಬ್ಬಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಮನೆಮಾತಾದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಅಲ್ಲಿಂದೀಚೆಗೆ ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವುದು ಹೆಚ್ಚಿದೆ. ಸಂಗ್ರಾಹಕರು ಅದನ್ನು ‘ರೀಡಯಲ್’ ಎನ್ನುತ್ತಾರೆ.

ಕಬ್ಬಿನ ಗದ್ದೆಯಲ್ಲಿ ದುಡಿಯುವವರ ಕೈಮೇಲಿನ ವಾಚು ಹೇಗೆ ಹಳತಾಗುತ್ತದೆ ನೋಡಿ. ಆ ಕಾಲದ ಅಗ್ಗದ ಕೇಸುಗಳು ಬಹಳಷ್ಟು ಹಿತ್ತಾಳೆಯವು, ಮೇಲೆ ಕ್ರೋಮಿಯಂ ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೆವರಿನ ಉಪ್ಪಿನಲ್ಲಿರುವ ಕ್ಲೋರೈಡ್ ಅವುಗಳ ಮೂಲಕ ಹಿತ್ತಾಳೆಗೆ ಇಳಿದು ತಾಮ್ರ, ಸತುಗಳನ್ನು ತಿನ್ನತೊಡಗುತ್ತದೆ. ಲೇಪ ಅಡಿಯಿಂದ ಸಡಿಲವಾಗಿ ಗುಳ್ಳೆಯೇಳುತ್ತದೆ, ಕೆಳಗೆ ಹಸಿರು ಕಿಲುಬು ಕೂರುತ್ತದೆ. ಇದು ಚರ್ಮಕ್ಕೆ ತಾಗುವ ಬದಿಯಲ್ಲಿ, ಬೆಲ್ಟು ಸಿಕ್ಕಿಸುವ ಕೊಂಬುಗಳ ಒಳಗೆ ಹೆಚ್ಚು, ಮೇಲ್ಮುಖದಲ್ಲಿ ಕಡಿಮೆ. ಆಮ್ಲದಲ್ಲಿ ಅದ್ದಿ ಹಳತು ಮಾಡಿದ ಕೇಸಿನಲ್ಲಿ ಈ ಭೇದ ಕಾಣದು. ಆಮ್ಲ ಎಲ್ಲ ಕಡೆಯೂ ಒಂದೇ ಸಮ ತಿಂದಿರುತ್ತದೆ.

ಹಿತ್ತಾಳೆ, ಕಂಚಿಗೆ ನೀಲಿ-ಹಸಿರು ಬರಿಸಲು ಅಮೋನಿಯಾದ ಹಬೆ ಹಿಡಿಯುವವರಿದ್ದಾರೆ. ಕಪ್ಪು ಬರಿಸಲು ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುವವರೂ ಇದ್ದಾರೆ. ಮೊಟ್ಟೆಯಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ತಾಮ್ರದ ಮೇಲೆ ಸಲ್ಫೈಡಿನ ಕಪ್ಪು ಪೊರೆ ಕಟ್ಟುತ್ತದೆ, ಅದರಿಂದ ಹೆಚ್ಚು ಅಪಾಯವಿಲ್ಲ. ಅಮೋನಿಯಾ ಹಾಗಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲ ಬಂದರೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯಗಳಲ್ಲಿ ಇಟ್ಟವುಗಳಿಗೆ ಈ ಕಾಟ ಹೆಚ್ಚು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಗಾಳಿಯ ತೇವ, ಅಚ್ಚೊತ್ತುವಾಗ ಲೋಹದೊಳಗೆ ಉಳಿದ ಬಿಗಿತ ಮೂರೂ ಸೇರಿ ಲೋಹದ ಕಣಗಳ ಸಂದಿನಲ್ಲೇ ಸೀಳು ಬೀಳಿಸುತ್ತಿದ್ದವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಬಣ್ಣಕ್ಕಾಗಿ ಹಿತ್ತಾಳೆಯ ಕೇಸಿಗೆ ಅಮೋನಿಯಾ ಹಿಡಿಯುವವರು ಇದೇ ಬಿರುಕನ್ನು ಆಹ್ವಾನಿಸುತ್ತಾರೆ.

ಡಯಲ್ಲಿನ ಮೇಲಿನ ವಾರ್ನಿಷ್ ಬೆಳಕು, ಆಮ್ಲಜನಕ, ಶಾಖಗಳಿಂದ ನಿಧಾನವಾಗಿ ಹಳದಿಗಟ್ಟುತ್ತದೆ. ಈ ನಿಧಾನವನ್ನು ಒಲೆಯಲ್ಲಿ ಚುರುಕು ಮಾಡಬಹುದೇ? ಶಾಖ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. 30 ಡಿಗ್ರಿಯಿಂದ 80ಕ್ಕೆ ಏರಿಸಿದರೆ ಐದು ಬಾರಿ ಇಮ್ಮಡಿ, ಅಂದರೆ 32 ಪಟ್ಟು. ಆದರೂ 40 ವರ್ಷದ ಮುಪ್ಪಿಗೆ ಸುಮಾರು 15 ತಿಂಗಳು ಬೇಕು. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಶಾಖವನ್ನು ಇನ್ನೂ ಏರಿಸುತ್ತಾರೆ. ಆಗ ನಡೆಯುವುದು ಬೇರೆಯೇ ಕ್ರಿಯೆ: ಬಣ್ಣ ಕರಕಲಾಗುತ್ತದೆ, ವಾರ್ನಿಷ್ ಗುಳ್ಳೆಯೇಳುತ್ತದೆ. ಇಡೀ ವಾಚನ್ನೇ ಕಾಯಿಸಿದರಂತೂ ಅನಾಹುತ. ಯಂತ್ರದ ಹೃದಯಭಾಗದಲ್ಲಿರುವ ಪ್ಯಾಲೆಟ್ ಫೋರ್ಕ್‌ಗೆ ಎರಡು ಪುಟ್ಟ ಮಾಣಿಕ್ಯಗಳನ್ನು ಅಂಟಿಸಿರುವುದು ಅರಗಿನಿಂದ. ಅರಗು ಮೆತ್ತಗಾಗಿ ಹರಳು ಕೂದಲೆಳೆಯಷ್ಟು ಸರಿದರೂ ಗಡಿಯಾರ ಹಾದಿ ತಪ್ಪುತ್ತದೆ.

ನೀರಿನ ಕಲೆಗೂ ಒಂದು ದಾರಿಯಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಂತೆ ನದಿ ಉಕ್ಕಿದಾಗ ಮನೆಗಳಲ್ಲಿ ನೆನೆದ ವಾಚನ್ನು ಬಿಚ್ಚಿದರೆ ತುಕ್ಕು ಚಾವಿಯ ಕಡ್ಡಿಯ ಬಳಿ ದಟ್ಟವಾಗಿರುತ್ತದೆ, ಡಯಲ್ಲಿನ ಕಲೆ ಅಂಚಿನಿಂದ ಒಳಕ್ಕೆ ಹರಡಿರುತ್ತದೆ. ನೀರು ನುಗ್ಗುವುದು ಹೆಚ್ಚಾಗಿ 3ರ ಅಂಕಿಯ ಬದಿಯ ಆ ಕಡ್ಡಿಯ ತೂತಿನಿಂದ, ಗಾಜಿನ ಅಂಚಿನಿಂದ. ಡಯಲ್ಲಿನ ನಟ್ಟನಡುವೆ ಕಲೆಯಿದ್ದು ಯಂತ್ರ ಥಳಥಳಿಸುತ್ತಿದ್ದರೆ ಅನುಮಾನಿಸಿ.

ಕತ್ತಲಲ್ಲಿ ಬೆಳಗುವ ಬಣ್ಣ ಇನ್ನೊಂದು ಸಾಕ್ಷಿ. ಹಳೆಯ ವಿದೇಶಿ ವಾಚುಗಳಲ್ಲಿ ರೇಡಿಯಂ ಬೆರೆಸಿದ ಸತುವಿನ ಸಲ್ಫೈಡ್ ಇರುತ್ತಿತ್ತು. ವಿಕಿರಣದ ಹೊಡೆತಕ್ಕೆ ಸಲ್ಫೈಡಿನ ಹರಳುಗಳು ಕೆಲವು ದಶಕಗಳಲ್ಲಿ ಕೆಟ್ಟು ಬೆಳಕು ಆರುತ್ತದೆ, ಬಣ್ಣ ಕಂದಾಗುತ್ತದೆ. ರೇಡಿಯಂ ಮಾತ್ರ ಉಳಿದೇ ಇರುತ್ತದೆ. ಅದರ ಅರ್ಧಾಯುಷ್ಯ 1600 ವರ್ಷ. ಇಂದಿನ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಬಂದದ್ದು 1990ರ ದಶಕದಲ್ಲಿ. ಕಂದು ಬಣ್ಣದ ಮುಳ್ಳಿಗೆ ನೇರಳಾತೀತ ಟಾರ್ಚು ಹಿಡಿದು ಆರಿಸಿದ ಮೇಲೂ ನಿಮಿಷಗಟ್ಟಲೆ ಹಸಿರಾಗಿ ಬೆಳಗಿದರೆ ಆ ಮುಪ್ಪು ಬಳಿದದ್ದು. ರೇಡಿಯಂ ಡಯಲ್ಲನ್ನು ಕೆರೆಯಲೇಬಾರದು. ಕ್ಯಾಲ್ಸಿಯಂನಂತೆ ಅದು ಮೂಳೆ ಸೇರುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ ಡಯಲ್ ಬರೆದ ಹಲವು ಹೆಣ್ಣುಮಕ್ಕಳು ಇದರಿಂದಲೇ ಸತ್ತರು.

ತಮ್ಮದೇ ವಾಚನ್ನು ತಮಗೆ ಬೇಕಾದಂತೆ ಹಳತು ಮಾಡಿಕೊಳ್ಳುವವರ ಮೇಲೆ ನನಗೆ ತಕರಾರಿಲ್ಲ. ಮಾರುವಾಗ ಅದನ್ನು ಹೇಳದಿರುವುದು ಮೋಸ. ಮನೆಯಲ್ಲಿ ಹಳೆಯ ಜನತಾ ಇದ್ದವರಿಗೆ ನನ್ನದೊಂದು ವಿನಂತಿ: ಯಂತ್ರವನ್ನು ತೊಳೆಸಿ, ಎಣ್ಣೆ ಹಾಕಿಸಿ, ಗೀರು ಬಿದ್ದ ಅಕ್ರಿಲಿಕ್ ಗಾಜನ್ನು ಉಜ್ಜಿಸಿ. ಡಯಲ್ಲಿಗೆ ಮಾತ್ರ ಹೊಸ ಬಣ್ಣ ಬಳಿಸಬೇಡಿ.