ನಮ್ಮ ಆಸ್ತಿಯ ಲೆಕ್ಕ: ಯಾರ ಜೊತೆ ಹೋಲಿಸುವುದು?

ಪುಚೊಂಗ್‌ನ ಬಂದರ್ ಪುತೇರಿಯಲ್ಲೋ ಬಂದರ್ ಕಿನ್ರಾರಾದಲ್ಲೋ ನಾಲ್ಕು ಕನ್ನಡ ಕುಟುಂಬಗಳು ಹಬ್ಬಕ್ಕೆ ಸೇರಿದರೆ, ಕೋಸಂಬರಿ, ಚಿತ್ರಾನ್ನದ ಜೊತೆ ಇನ್ನೊಂದು ಮಾತೂ ಬಂದೇ ಬರುತ್ತದೆ. "ಅವರು ಬೆಂಗಳೂರಲ್ಲಿ ಎರಡನೇ ಫ್ಲ್ಯಾಟ್ ತಗೊಂಡ್ರಂತೆ." "ಇವರು ಸಾಲ ಪೂರ್ತಿ ತೀರಿಸಿಬಿಟ್ರಂತೆ." ಮನೆಗೆ ಹಿಂತಿರುಗುವಾಗ ಎಲ್‌ಡಿಪಿ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಗಂಡ ಹೆಂಡತಿ ಇಬ್ಬರ ತಲೆಯಲ್ಲೂ ಒಂದೇ ಪ್ರಶ್ನೆ: ಇಷ್ಟು ವರ್ಷ ಪರದೇಶದಲ್ಲಿ ದುಡಿದು ನಾವು ಮಾಡಿದ್ದೇನು?

ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹುಡುಕಲು ನಾವು ಹಿಡಿಯುವ ಅಳತೆಗೋಲು ಸರಿಯಿದೆಯೇ ಎಂದು ಮೊದಲು ನೋಡಬೇಕು.

ನಿವ್ವಳ ಆಸ್ತಿ ಎಂದರೆ ಸರಳ ಲೆಕ್ಕ. ನಮ್ಮದೆನ್ನುವ ಎಲ್ಲದರ ಇಂದಿನ ಬೆಲೆ ಕೂಡಿಸಿ, ಕೊಡಬೇಕಾದ ಸಾಲವನ್ನೆಲ್ಲ ಕಳೆದರೆ ಉಳಿಯುವುದೇ ಅದು. ಹೊಸ ಕಾರು, ಈಜುಕೊಳವಿರುವ ಕಾಂಡೋ, ಮಕ್ಕಳ ಇಂಟರ್‌ನ್ಯಾಷನಲ್ ಸ್ಕೂಲು ಕಣ್ಣಿಗೆ ಕಾಣುತ್ತವೆ. ಅವುಗಳ ಹಿಂದಿನ ಸಾಲ ಕಾಣುವುದಿಲ್ಲ. ಹಬ್ಬದ ಮನೆಯಲ್ಲಿ ನಾವು ಹೋಲಿಸುವುದು ಬೇರೆಯವರ ಖರ್ಚನ್ನು, ಆಸ್ತಿಯನ್ನಲ್ಲ.

ಸರಾಸರಿಯನ್ನು ನಂಬಬೇಡಿ

ಭಾರತ ಸರ್ಕಾರ 2019ರಲ್ಲಿ ಮನೆಗಳ ಸಾಲ ಮತ್ತು ಆಸ್ತಿಯ ಸಮೀಕ್ಷೆ ನಡೆಸಿತು. ನಗರದ ಮನೆಯೊಂದರ ಸರಾಸರಿ ಆಸ್ತಿ ಸುಮಾರು 27 ಲಕ್ಷ ರೂಪಾಯಿ, ಹಳ್ಳಿಯಲ್ಲಿ ಸುಮಾರು 16 ಲಕ್ಷ. ಆದರೆ ನಗರಗಳ ಒಟ್ಟು ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೇಲಿನ ಶೇ 10ರಷ್ಟು ಮಂದಿಯ ಬಳಿಯೇ ಇತ್ತು. ಕೆಳಗಿನ ಅರ್ಧ ಜನರ ಪಾಲು ಶೇ 10 ಕೂಡ ಮುಟ್ಟಲಿಲ್ಲ. ಕೆಲವೇ ಶ್ರೀಮಂತರು ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತಾರೆ.

ಅಮೆರಿಕದ 2022ರ ಅಂಕಿಗಳಲ್ಲೂ ಇದೇ ಕಥೆ. ಅಲ್ಲಿ ಕುಟುಂಬವೊಂದರ ಸರಾಸರಿ ನಿವ್ವಳ ಆಸ್ತಿ 10 ಲಕ್ಷ ಡಾಲರ್ ದಾಟಿತ್ತು. ಎಲ್ಲ ಕುಟುಂಬಗಳನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಕುಟುಂಬವನ್ನು ಕೇಳಿದರೆ ಉತ್ತರ 1,92,900 ಡಾಲರ್ ಮಾತ್ರ. ಮುಂದೆ ಎಲ್ಲಾದರೂ "ಸರಾಸರಿ" ಎಂದು ಓದಿದರೆ, ನಡುವಿನ ಮನೆಯ ಅಂಕಿ ಎಷ್ಟು ಎಂದು ಹುಡುಕಿ.

ಪಕ್ಕದ ಮನೆಯವರ ಇಪಿಎಫ್

ಮಲೇಷ್ಯಾದಲ್ಲಿ ಬಿ40, ಎಂ40, ಟಿ20 ಎಂಬ ಮಾತು ನೀವು ಕೇಳಿರುತ್ತೀರಿ. ಟಿ20 ಅಂದರೆ ಇಲ್ಲಿ ಕ್ರಿಕೆಟ್ ಅಲ್ಲ, ಆದಾಯದಲ್ಲಿ ಮೇಲಿನ ಶೇ 20 ಕುಟುಂಬಗಳು. 2022ರಲ್ಲಿ ತಿಂಗಳಿಗೆ 11,820 ರಿಂಗಿಟ್ ದಾಟಿದ ಮನೆ ಆ ಗುಂಪಿಗೆ ಸೇರುತ್ತಿತ್ತು. ಐಟಿ ಕೆಲಸದ ಅನೇಕ ಕನ್ನಡಿಗರು "ಹಾಗಾದರೆ ನಾವು ಟಿ20" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಆದಾಯದ ಮೆಟ್ಟಿಲು, ಆಸ್ತಿಯದಲ್ಲ.

ಲೆಕ್ಕ ಹಾಕಿ ನೋಡಿ. 10,000 ರಿಂಗಿಟ್ ಸಂಬಳದ ಸ್ಥಳೀಯ ನೌಕರನ ಇಪಿಎಫ್‌ಗೆ ಅವನ ಪಾಲು ಶೇ 11, ಕಂಪನಿಯ ಪಾಲು ಶೇ 12, ಒಟ್ಟು ತಿಂಗಳಿಗೆ 2,300 ರಿಂಗಿಟ್ ಸೇರುತ್ತದೆ. ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ ಬಂದ ನಮಗೆ 2025ರ ಅಕ್ಟೋಬರ್ ಸಂಬಳದಿಂದ ಕಡ್ಡಾಯವಾಗಿರುವುದು ಎರಡೂ ಕಡೆಯಿಂದ ಶೇ 2, ಅಂದರೆ 400 ರಿಂಗಿಟ್. ಕೈಗೆ ಬರುವ ಸಂಬಳ ನಮಗೆ 900 ಹೆಚ್ಚು, ನಿಜ. ಆದರೆ ನಿವೃತ್ತಿಗೆ ಅವರಷ್ಟೇ ಕೂಡಿಡಬೇಕಾದರೆ ನಾವಾಗಿಯೇ ತಿಂಗಳಿಗೆ 1,900 ರಿಂಗಿಟ್ ಎತ್ತಿಡಬೇಕು.

ಊರಿನಲ್ಲಿರುವ ಅಣ್ಣ

ಹಾಸನದಲ್ಲೋ ಶಿವಮೊಗ್ಗದಲ್ಲೋ ಇರುವ ಅಣ್ಣನ ಜೊತೆಗಿನ ಹೋಲಿಕೆ ಇನ್ನೂ ಸೂಕ್ಷ್ಮ. ಅದೇ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳ ಆಸ್ತಿಯಲ್ಲಿ ಶೇ 91 ಜಮೀನು ಮತ್ತು ಕಟ್ಟಡ. ಕಾಗದದ ಮೇಲೆ ಅಣ್ಣ ಕೋಟ್ಯಧೀಶ. ಕೈಯಲ್ಲಿ ನಗದು ಕಡಿಮೆ. ನಮ್ಮದು ತಿರುಗುಮುರುಗು. ಅಪ್ಪನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವನೂ ಅವನೇ. ಆ ದುಡಿಮೆಯನ್ನು ಯಾವ ಪಟ್ಟಿಯ ಯಾವ ಕಾಲಂನಲ್ಲಿ ಬರೆಯುತ್ತೀರಿ?

ಪಟ್ಟಿಯಲ್ಲಿ ಉಬ್ಬುವ ಅಂಕಿಗಳು

ಹೋಲಿಕೆ ಬಿಟ್ಟು ನಮ್ಮದೇ ಪಟ್ಟಿ ಬರೆಯಲು ಕೂತಾಗಲೂ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ಪಿತ್ರಾರ್ಜಿತ ಆಸ್ತಿ. ವಿಭಾಗವಾಗಿ ಪಹಣಿಯಲ್ಲಿ ನಿಮ್ಮ ಹೆಸರು ಬರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅಕ್ಕತಂಗಿಯರಿಗೂ ಸಮಪಾಲಿದೆ ಎಂಬುದನ್ನು ಮರೆಯಬೇಡಿ.

ಎರಡನೆಯದು ಬೆಂಗಳೂರಿನ ಸೈಟು. ಬ್ರೋಕರ್ ಹೇಳಿದ ಬೆಲೆ ನಿಮ್ಮ ಆಸ್ತಿಯಲ್ಲ. ಬಿ ಖಾತಾ ಆಗಿದ್ದರೆ ಮಾರುವುದೂ ಸಾಲ ಪಡೆಯುವುದೂ ಕಷ್ಟ. ಅನಿವಾಸಿಗಳು ಮಾರಿದರೆ ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ಹಣ ಕೊಡಬೇಕು. ತೆರಿಗೆ, ಕಮಿಷನ್ ಕಳೆದು ಉಳಿಯುವುದನ್ನು ಬರೆಯಿರಿ.

ಮೂರನೆಯದು ವಿನಿಮಯ ದರ. 2024ರ ಆರಂಭದಲ್ಲಿ ಒಂದು ರಿಂಗಿಟ್‌ಗೆ 17–18 ರೂಪಾಯಿ. 2025ರ ಕೊನೆಗೆ 20 ದಾಟಿತ್ತು. ಬ್ಯಾಂಕಿನಲ್ಲಿ ಅದೇ 1 ಲಕ್ಷ ರಿಂಗಿಟ್ ಸುಮ್ಮನೆ ಇದ್ದರೂ ರೂಪಾಯಿಯಲ್ಲಿ ಲಕ್ಷಗಟ್ಟಲೆ ಬೆಳೆದಂತೆ ಕಂಡಿತು. ಮಕ್ಕಳ ಓದು, ನಿಮ್ಮ ವೃದ್ಧಾಪ್ಯ ಯಾವ ದೇಶದಲ್ಲಿ ಎಂದುಕೊಂಡಿದ್ದೀರೋ ಆ ದೇಶದ ಹಣದಲ್ಲೇ ಪ್ರತಿವರ್ಷ ಲೆಕ್ಕ ಹಾಕಿ.

ನಮಗೆ ಹೊಂದುವ ಅಳತೆ

ಪಕ್ಕದ ಮನೆಯವರಿಗಿಲ್ಲದ, ಅಣ್ಣನಿಗೂ ಇಲ್ಲದ ಅಪಾಯ ಒಂದು ನಮಗಿದೆ. ನಮ್ಮ ಪಾಸ್ ಕೆಲಸಕ್ಕೆ ಕಟ್ಟಿದ್ದು. ಹೆಂಡತಿ ಮಕ್ಕಳ ಪಾಸ್ ನಮ್ಮ ಪಾಸ್‌ಗೆ ಕಟ್ಟಿದ್ದು. ಕೆಲಸ ಹೋದರೆ ಸಂಬಳವಷ್ಟೇ ಅಲ್ಲ, ಶಾಲೆ, ಮನೆ, ಊರು ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಸಂಬಳ ನಿಂತರೆ ಎಷ್ಟು ತಿಂಗಳು ನಡೆಯುತ್ತದೆ?

ತಕ್ಷಣ ಕೈಗೆ ಸಿಗುವ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ. 54,000 ರಿಂಗಿಟ್ ಇದ್ದು ಖರ್ಚು 9,000 ಆದರೆ ಆರು ತಿಂಗಳು. ಸೈಟು, ಒಡವೆ ಸೇರಿಸಬೇಡಿ. ಊರಿನಲ್ಲಿ ಕೋಟಿ ಬೆಲೆಯ ಫ್ಲ್ಯಾಟ್ ಇದ್ದೂ ಇಲ್ಲಿ ಎರಡೇ ತಿಂಗಳ ಹಣವಿರುವ ಕುಟುಂಬ, ಫ್ಲ್ಯಾಟ್ ಇಲ್ಲದೆ ಹನ್ನೆರಡು ತಿಂಗಳ ಹಣವಿರುವ ಕುಟುಂಬಕ್ಕಿಂತ ಹೆಚ್ಚು ಕಷ್ಟದಲ್ಲಿದೆ.

ಎರಡನೇ ಅಳತೆ ನಮ್ಮದೇ ಹೋದ ವರ್ಷ. ಯುಗಾದಿಗೋ ದೀಪಾವಳಿಗೋ ಒಂದು ದಿನ ಗೊತ್ತು ಮಾಡಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತು ಖಾತೆಗಳು, ಸಾಲ, ವಿಮೆ, ನಾಮಿನಿಯ ಹೆಸರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. "ಅದೆಲ್ಲ ಅವರಿಗೇ ಗೊತ್ತು" ಎನ್ನುವ ಮನೆಯಲ್ಲಿ ಆಸ್ತಿ ಎಷ್ಟಿದ್ದರೂ ಅರ್ಧ ಇಲ್ಲದಂತೆಯೇ. ಹೈಸ್ಕೂಲಿನ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊತ್ತ ಹೇಳದಿದ್ದರೂ ಪರವಾಗಿಲ್ಲ, ಲೆಕ್ಕ ಹೇಗೆ ಎಂದು ನೋಡಲಿ.

ಹೋದ ವರ್ಷಕ್ಕಿಂತ ಸಾಲ ಒಂದಿಷ್ಟು ಇಳಿದು, ಕೈಯಲ್ಲಿರುವ ತಿಂಗಳುಗಳು ಒಂದೆರಡು ಹೆಚ್ಚಾಗಿದ್ದರೆ ನಿಮ್ಮ ಮನೆ ಸರಿಯಾದ ದಾರಿಯಲ್ಲಿದೆ. ಹೆಚ್ಚಾಗಿಲ್ಲದಿದ್ದರೆ ಎಲ್ಲಿ ಸೋರಿತು ಎಂಬುದೂ ಅದೇ ಹಾಳೆಯಲ್ಲಿರುತ್ತದೆ.