ತಗಡಿಗೆ ತಕ್ಕ ಲೇಪ

ನಮ್ಮ ತಳಿಗೆ ಸಮೀಪದ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಲಾರಿಗಳೂ ಟಿ.ವಿ.ಎಸ್. ದ್ವಿಚಕ್ರ ವಾಹನಗಳೂ ತಯಾರಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಂತಹ ವಾಹನಗಳ ಅನೇಕ ಭಾಗಗಳು ಉಕ್ಕಿನ ತಗಡನ್ನು ಕತ್ತರಿಸಿ, ಬಗ್ಗಿಸಿ, ಬೆಸೆದು ಮಾಡಿದವು. ಹೀಗೆ ರೂಪ ತಳೆದ ತಗಡಿಗೆ ಯಾವ ಲೇಪ ಯೋಗ್ಯ? ಹೊಳಪನ್ನು ಕಂಡು ಆರಿಸುವುದು ಸಲ್ಲದು. ವಸ್ತುವು ಎಲ್ಲಿ ಬಾಳಬೇಕು, ಏನನ್ನು ಸಹಿಸಬೇಕು ಎಂಬುದನ್ನೇ ಮೊದಲು ವಿಚಾರಿಸಬೇಕು.

ಗಾಳಿಯಲ್ಲಿನ ಆಮ್ಲಜನಕವೂ ತೇವವೂ ಕೂಡಿದಲ್ಲಿ ಕಬ್ಬಿಣವು ತುಕ್ಕು ಹಿಡಿಯುತ್ತದೆ. ಬಣ್ಣವು ಇವೆರಡನ್ನೂ ತಡೆಯುವ ಗೋಡೆಯಂತೆ. ಗೋಡೆ ಬಿರಿದರೆ ತುಕ್ಕು ಒಳಹೊಕ್ಕು ಬಣ್ಣದ ಅಡಿಯಲ್ಲಿಯೇ ಹಬ್ಬುತ್ತದೆ. ಸತುವಿನ ಗುಣ ಬೇರೆ. ಗೀರು ಬಿದ್ದರೂ ಸತುವು ತಾನೇ ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಸುಮಾರು 450 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಕರಗಿದ ಸತುವಿನಲ್ಲಿ ಅದ್ದಿದರೆ ದಪ್ಪನಾದ ಲೇಪ ದೊರೆಯುತ್ತದೆ. ಇದು ಮಳೆಗೆ ಒಡ್ಡಿದ ವಸ್ತುಗಳಿಗೆ ತಕ್ಕುದು. ವಿದ್ಯುತ್ತಿನಿಂದ ಏರಿಸಿದ ಲೇಪವು ತೆಳು. ನಟ್ಟು, ಬೋಲ್ಟುಗಳಿಗೆ ಅದು ಒಪ್ಪುತ್ತದೆ. ಆದರೆ ಹುಳಿಯು ಸತುವನ್ನು ಕರಗಿಸುವುದರಿಂದ ಸತು ಬಳಿದ ಬಕೆಟ್ಟಿನಲ್ಲಿ ಸಾರು, ಮಜ್ಜಿಗೆಗಳನ್ನು ಇಡಬಾರದು. ಹಿತ್ತಾಳೆ ಪಾತ್ರೆಗೆ ಹಿರಿಯರು ಸತುವನ್ನು ಬಿಟ್ಟು ತವರದ ಕಲಾಯಿ ಹಾಕಿಸುತ್ತಿದ್ದುದು ಇಲ್ಲಿ ನೆನೆಯತಕ್ಕದ್ದು.

ಬೀರು, ಮೇಜು, ವಿದ್ಯುತ್ ಪೆಟ್ಟಿಗೆಗಳಿಗೆ ಈಗ ಪೌಡರ್ ಕೋಟಿಂಗ್ ರೂಢಿಯಲ್ಲಿದೆ. ವಿದ್ಯುದಾವೇಶ ಪಡೆದ ಬಣ್ಣದ ಪುಡಿಯನ್ನು ತಗಡಿಗೆ ಅಂಟಿಸಿ, ಸುಮಾರು 200 ಡಿಗ್ರಿ ಉಷ್ಣತೆಯ ಒಲೆಯಲ್ಲಿ ಕರಗಿಸಿ ಗಟ್ಟಿಗೊಳಿಸುತ್ತಾರೆ. ಈ ಲೇಪಕ್ಕೂ ದಪ್ಪವುಂಟು. ಆದುದರಿಂದ ಲೇಪವನ್ನು ಮೊದಲೇ ನಿಶ್ಚಯಿಸಿ ರಂಧ್ರಗಳ ಅಳತೆಯನ್ನು ಗೊತ್ತುಮಾಡದಿದ್ದರೆ, ಕೊನೆಗೆ ತಿರುಪು ಕೂಡಲಾರದು.

ಇದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಇಂತಹ ಬಣ್ಣದ ಮೂಲಕ ವಿದ್ಯುತ್ತು ಹರಿಯದು. ತಗಡಿನ ಪೆಟ್ಟಿಗೆಗೆ ಅರ್ಥ್ ತಂತಿಯನ್ನು ಬಿಗಿಯುವ ಸ್ಥಳವನ್ನು ಲೇಪವಿಲ್ಲದೆ ಬರಿದಾಗಿ ಉಳಿಸಬೇಕು. ಬಣ್ಣದ ಮೇಲೆಯೇ ಬಿಗಿದರೆ ತಂತಿ ಇದ್ದೂ ಇಲ್ಲದಂತಾಗಿ, ಪೆಟ್ಟಿಗೆಯನ್ನು ಮುಟ್ಟಿದವರ ಪ್ರಾಣಕ್ಕೇ ಅಪಾಯವುಂಟು. ಅಲ್ಯೂಮಿನಿಯಂ ತಗಡಿಗೆ ಮಾಡುವ ಆನೊಡೈಸಿಂಗ್ ಪದರವೂ ವಿದ್ಯುತ್ತನ್ನು ತಡೆಯುತ್ತದೆ. ಅಲ್ಲಿಯೂ ಇದೇ ಎಚ್ಚರಿಕೆ ಬೇಕು.

ಲೇಪ ಯಾವುದಾದರೂ ಆಗಲಿ, ಅಡಿಯ ಜಿಡ್ಡನ್ನೂ ತುಕ್ಕನ್ನೂ ಮೊದಲು ತೆಗೆಯದಿದ್ದರೆ ಅದು ಸುಲಿದುಬೀಳುವುದು. ಮುಂದೆ ಐ.ಟಿ.ಐ. ಸೇರಿ ಕಾರ್ಖಾನೆಗಳಿಗೆ ಹೋಗಲಿರುವ ನಮ್ಮ ವಿದ್ಯಾರ್ಥಿಗಳು ಕಣ್ಣಿಗೆ ಕಾಣದ ಈ ಕೆಲಸದಲ್ಲಿ ಆಲಸ್ಯ ಮಾಡಬಾರದು. ಮನೆಗೆ ತಗಡಿನ ವಸ್ತುವನ್ನು ಕೊಳ್ಳುವ ಪೋಷಕರು ಬಣ್ಣದೊಡನೆ ಅಂಚು, ಮೂಲೆ, ಬೆಸುಗೆಗಳನ್ನೂ ಪರೀಕ್ಷಿಸಬೇಕೆಂದು ನಾವು ವಿಜ್ಞಾಪಿಸಿಕೊಳ್ಳುತ್ತೇವೆ. ತುಕ್ಕು ಸಾಮಾನ್ಯವಾಗಿ ಅಲ್ಲಿಂದಲೇ ಮೊದಲಾಗುತ್ತದೆ.